ಗುಣವತಿಯಕ್ಕನ ಬೇಕರಿ ಸೈಕಲ್

ಗುಣವತಿಯಕ್ಕನನ್ನು ನಾನು ಮೊದಲು ಕಂಡದ್ದು ೧೯೭೮ರ ಡಿಸೆಂಬರಿನ ಒಂದು ಭಾನುವಾರ, ಶಿರ್ವದ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ. ಅಲ್ಲಿಯ ಶಾಲೆಗೆ ವರ್ಗವಾಗಿ ಬಂದು ವಾರವೂ ಕಳೆದಿರಲಿಲ್ಲ. ಬಿಸಿಲು ಚೆನ್ನಾಗಿ ಏರಿದ ಹೊತ್ತಿಗೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ಬೇಲಿಯ ದಣಪೆಯ ಬಳಿ ನಿಂತು, "ಬಂಗುಡೆ ಉಂಟು, ಬೇಕಾ?" ಎಂದು ಕೂಗಿದರು.

ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಇವತ್ತಿಗೆ ಆಯಿತು. ಆಗಲೇ ಸೈಕಲ್ಲಿನವರ ಹತ್ತಿರ ತೆಗೆದುಕೊಂಡೆವು" ಎಂದಳು.

ಆಕೆ ಹೋಗಲಿಲ್ಲ. ಬುಟ್ಟಿಯನ್ನು ಇಳಿಸದೆ, ಕತ್ತನ್ನು ಅಲುಗಿಸದೆ, ಇಡೀ ಮೈಯನ್ನು ಮೆಲ್ಲನೆ ಮನೆಯ ಕಡೆಗೆ ತಿರುಗಿಸಿ ನಿಂತರು.

"ಯಾರು, ಮೊಯಿದಿನಬ್ಬನಾ?"

"ಹೆಸರು ಗೊತ್ತಿಲ್ಲ. ಹಾರ್ನ್ ಬಾರಿಸಿಕೊಂಡು ಬಂದರು."

"ಅವನೇ. ನಾನು ಕಾಪುವಿನಿಂದ ನಡೆದು ಬರುವುದು. ಅವನ ಕಾಲು ಮುರಿಯದಿದ್ದರೆ ನನಗಿಂತ ಮೊದಲು ಬಂದೇ ಬರುತ್ತಾನೆ" ಎಂದು ನಕ್ಕರು. ಬಳಿಕ ನಗು ನಿಲ್ಲಿಸಿ, "ಈ ಮನೆಯಲ್ಲಿ ಮೊದಲು ಇದ್ದವರು ನನ್ನಲ್ಲೇ ತೆಗೆದುಕೊಳ್ಳುತ್ತಿದ್ದರು" ಎಂದು ಹೇಳಿ ಹೊರಟುಹೋದರು. ಅದರಲ್ಲಿ ದೂರು ಇರಲಿಲ್ಲ. ಗಡಿಕಲ್ಲು ಎಲ್ಲಿತ್ತು ಎಂದು ತೋರಿಸಿಕೊಟ್ಟ ಹಾಗಿತ್ತು, ಅಷ್ಟೇ.

ಮುಂದಿನ ಕತೆಯನ್ನು ಅವರ ಬಾಯಿಂದಲೂ ಊರವರ ಬಾಯಿಂದಲೂ ನಾನು ಬಿಡಿಬಿಡಿಯಾಗಿ ಕೇಳಿದ್ದೇನೆ. ಅವರೆಲ್ಲ ಆಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಗುಣವತಿಯಕ್ಕನಿಗೆ ಆಗ ನಲವತ್ತು ದಾಟಿತ್ತು. ಮೊಗವೀರರ ಮನೆಯ ಹೆಣ್ಣು. ಗಂಡ ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದರು. ಮೀನುಗಾರಿಕೆಯ ತಿಂಗಳುಗಳಲ್ಲಿ ಮನೆಗೆ ಬರುವುದೇ ಅಪರೂಪ. ಕಾಪುವಿನ ದೀಪಸ್ತಂಭದ ಬಳಿ ಬಲೆ ಎಳೆದ ಕೂಡಲೆ ಬುಟ್ಟಿ ತುಂಬಿಸಿಕೊಂಡು ಶಿರ್ವದ ದಾರಿ ಹಿಡಿಯುವುದು ಗುಣವತಿಯಕ್ಕನ ಕೆಲಸ. ಅತ್ತೆ ಮಾಡುತ್ತಿದ್ದ ಕೆಲಸ ಅದು, ಅತ್ತೆಯ ಮನೆಗಳು ಅವು. 'ಮನೆಗಳು' ಎಂದರೆ ಗಿರಾಕಿಗಳು. ಯಾವ ಮನೆಯಲ್ಲಿ ಯಾರಿಗೆ ಯಾವ ಮೀನು ಆಗುತ್ತದೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ಸೋಮವಾರ ಮೀನು ಮುಟ್ಟುವುದಿಲ್ಲ, ಎಲ್ಲವೂ ಅತ್ತೆಯಿಂದ ಸೊಸೆಗೆ ಬಂದಿತ್ತು.

ಆ ಮನೆಗಳು ಈಗ ಒಂದೊಂದಾಗಿ ಕೈತಪ್ಪುತ್ತಿದ್ದವು. ಮೊಯಿದಿನಬ್ಬರಂಥವರು ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿ, ರಬ್ಬರಿನ ಹಾರ್ನ್ ಒತ್ತುತ್ತ, ಎಲ್ಲರಿಗಿಂತ ಮೊದಲು ಒಳನಾಡು ಸೇರುತ್ತಿದ್ದರು. ಬಸ್ಸಿನಲ್ಲಿ ಹೋಗೋಣವೆಂದರೆ ಕಂಡಕ್ಟರು ಬುಟ್ಟಿಯಿಂದ ನೀರು ಸೋರುತ್ತದೆಂದು ಹತ್ತಿಸುವುದಿಲ್ಲ. ಕಾಪುವಿನಲ್ಲಿ ಬುಟ್ಟಿ ಹೊರುತ್ತಿದ್ದ ಹೆಂಗಸರಲ್ಲಿ ಹಲವರು ಬಿಟ್ಟೇಬಿಟ್ಟಿದ್ದರು. ಒಬ್ಬರು ಬೀಡಿ ಕಟ್ಟಲು ಕೂತರು. ಇನ್ನೊಬ್ಬರು ಪೇಟೆಯ ಮೂಲೆಯಲ್ಲಿ ಗೋಣಿ ಹಾಸಿ, ಬಂದವರಿಗೆ ಮಾರುತ್ತ ಕೂತರು.

"ನೀನೂ ಕೂತುಬಿಡು" ಎಂದ ಅವರ ತಮ್ಮ ಅಣ್ಣು. "ಈ ಪ್ರಾಯದಲ್ಲಿ ಸೈಕಲ್ಲಿನೊಂದಿಗೆ ಓಟ ಕಟ್ಟಲಿಕ್ಕಾಗುತ್ತದಾ?"

"ಓಟ ಕಟ್ಟುವುದು ಬೇಡ" ಎಂದರು ಗುಣವತಿಯಕ್ಕ. "ಸೈಕಲನ್ನೇ ಹಿಡಿದರಾಯಿತು."

ಅಣ್ಣು ತಮಾಷೆ ಎಂದುಕೊಂಡ. ಮರುದಿನ ಸಂಜೆ ಅವನು ಅಕ್ಕಿಗಿರಣಿಯಿಂದ ಮನೆಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿದ್ದೇ ತಡ, ಅಕ್ಕ ಅದನ್ನು ತಳ್ಳಿಕೊಂಡು ಕಡಲಿನ ಕಡೆಗೆ ನಡೆದರು.

ನೀರು ಇಳಿದಾಗ ಕಾಪುವಿನ ಕಡಲತಡಿಯ ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಅದೇ ಹೊತ್ತಿಗೆ ಬಿದ್ದರೆ ಪೆಟ್ಟಾಗದಷ್ಟು ಮೆತ್ತಗೂ ಇರುತ್ತದೆ. ಸೀರೆಯನ್ನು ಮೊಳಕಾಲಿಗೆ ಎತ್ತಿ ಕಚ್ಚೆ ಬಿಗಿದು, ದೋಣಿಯ ಅಂಚಿಗೆ ಕಾಲು ಕೊಟ್ಟು ಸೈಕಲ್ ಹತ್ತಿದರು. ಬಿದ್ದರು, ಹತ್ತಿದರು. ನಗಲು ಬಂದವರು ಒಂದು ವಾರ ನಕ್ಕು ಬೇಸತ್ತು ಬಲೆ ಹೆಣೆಯಲು ಹೋದರು. ಮಾರ್ಚ್ ಮುಗಿಯುವಷ್ಟರಲ್ಲಿ ಗುಣವತಿಯಕ್ಕ ದೀಪಸ್ತಂಭದ ಬುಡದಿಂದ ಹೊರಟರೆ ಒಂದೇ ಉಸಿರಿಗೆ ಪೊಲಿಪುವಿನ ತನಕ ಹೋಗುತ್ತಿದ್ದರು. ಅವರ ಸೈಕಲ್ ಒಂದು ಎಳೆಯಷ್ಟೂ ಓಲಾಡುತ್ತಿರಲಿಲ್ಲ. ಇಪ್ಪತ್ತು ವರ್ಷ ತಲೆಯ ಮೇಲೆ ಬುಟ್ಟಿ ನಿಲ್ಲಿಸಿಕೊಂಡ ಮೈಗೆ ಸಮತೋಲವನ್ನು ಬೇರೆಯವರು ಕಲಿಸಬೇಕಾಗಿರಲಿಲ್ಲ. ಪೊಲಿಪು ಮುಟ್ಟಿದ ಮೇಲೆ ಇಳಿಯುವುದು, ಸೈಕಲ್ಲನ್ನು ಕೈಯಿಂದ ತಿರುಗಿಸಿ ನಿಲ್ಲಿಸುವುದು, ಮತ್ತೆ ಹತ್ತಿ ನೇರ ಹಿಂದಕ್ಕೆ ಬರುವುದು. ಇದೇ ಅವರ ಅಭ್ಯಾಸ. ಅದರಲ್ಲೊಂದು ಕೊರತೆ ಉಂಟೆಂದು ಅವರಿಗಾಗಲಿ, ನೋಡುತ್ತಿದ್ದವರಿಗಾಗಲಿ ಹೊಳೆಯಲೇ ಇಲ್ಲ.

ಅಣ್ಣುವಿನ ಸೈಕಲ್ ಅಣ್ಣುವಿಗೇ ಬೇಕು. ತನ್ನದೇ ಒಂದು ಬೇಕು. ಅದೂ ಬುಟ್ಟಿ ತಾಳುವಂಥದ್ದು. ಹೊಸತರ ಮಾತು ದೂರವೇ ಉಳಿಯಿತು. ಹಾಗಾಗಿ ಅವರ ಕಣ್ಣೆಲ್ಲ ಮೇ ತಿಂಗಳ ಹಳೆ ಸೈಕಲ್ ಸಂತೆಯ ಮೇಲೆ.

ಆ ಸಂತೆಯನ್ನು ಕಾಪುವಿನ ಯುವಕ ಸಂಘದವರು ನಡೆಸುತ್ತಿದ್ದರು. ಬೇಸಗೆ ರಜೆಯಲ್ಲಿ ಖಾಲಿ ಬಿದ್ದಿರುವ ಶಾಲಾ ಮೈದಾನದಲ್ಲಿ ಒಂದು ದಿನ. ಮಾರುವವರು ತಮ್ಮ ಸೈಕಲ್ ತಂದು ಸಾಲಾಗಿ ನಿಲ್ಲಿಸುವುದು, ಬೇಕಾದವರು ಕೊಳ್ಳುವುದು ಅಥವಾ ತಮ್ಮದನ್ನು ಕೊಟ್ಟು ಬದಲಾಯಿಸಿಕೊಳ್ಳುವುದು. ಸಂಘದವರಿಗೆ ಕಮಿಷನ್ ಇಲ್ಲ, ಸಂಬಳ ಇಲ್ಲ. ಚಾ, ಅವಲಕ್ಕಿ ಮಾತ್ರ. ಅದರ ಮುಂದಾಳು ಸುಂದರ ಎಂಬ ತರುಣ, ಸಹಕಾರಿ ಸಂಘದಲ್ಲಿ ಗುಮಾಸ್ತ. ಮೊದಲ ವರ್ಷ ಬಾಡಿಗೆ ಸೈಕಲ್ ಅಂಗಡಿಯವರು ಹೊರಗಿನಿಂದ ಬಂದು, ಒಳ್ಳೊಳ್ಳೆಯ ಸೈಕಲ್ಲುಗಳನ್ನೆಲ್ಲ ಆಳುಗಳ ಹೆಸರಿನಲ್ಲಿ ಬಾಚಿಕೊಂಡು ಹೋಗಿದ್ದರು. ಅದಕ್ಕೇ ಎರಡನೆಯ ವರ್ಷದಿಂದ ಸುಂದರ ಮೂರು ನಿಯಮ ಮಾಡಿದ. ಒಬ್ಬರಿಗೆ ಒಂದೇ ಸೈಕಲ್. ಕೊಳ್ಳುವವರೇ ಹತ್ತಿ, ಸುಣ್ಣದ ಪುಡಿಯ ಗೆರೆಯ ಮೇಲೆ ಮೈದಾನಕ್ಕೆ ಒಂದು ಸುತ್ತು ಬರಬೇಕು. ನಡುವೆ ಕಾಲು ನೆಲ ಮುಟ್ಟಿದರೆ ಆ ಸುತ್ತು ಆಗಲಿಲ್ಲ, ಮತ್ತೆ ಮೊದಲಿನಿಂದ. ಮೂರನೆಯದು, ಯಾರ ಕೈ ಹ್ಯಾಂಡಲಿನ ಮೇಲೆ ಮೊದಲು ಬಿತ್ತೋ ಅವರು ತಾವಾಗಿ ಕೈ ಬಿಡುವ ತನಕ ಬೇರೆಯವರು ಆ ಸೈಕಲ್ಲನ್ನು ಮುಟ್ಟುವ ಹಾಗಿಲ್ಲ.

ಸಂತೆಯ ದಿನ ಗುಣವತಿಯಕ್ಕ ಬೆಳಿಗ್ಗೆಯೇ ಬಂದರು. ಕೂಡಿಟ್ಟ ಹಣ ಸೆರಗಿನ ಗಂಟಿನಲ್ಲಿತ್ತು. ಸಾಲಿನ ತುದಿಯಲ್ಲಿ ಒಂದು ಸೈಕಲ್ ಕಂಡರು. ಮತ್ತೆ ಬೇರೆ ಯಾವುದನ್ನೂ ನೋಡಲಿಲ್ಲ. ಮನೆ ಮನೆಗೆ ಬ್ರೆಡ್ಡು, ಬನ್ನು ಹಾಕುತ್ತಿದ್ದ, ಕೊಂಕಣಿ ಕ್ರೈಸ್ತರಾದ ಜೋನ್ ಪೊರ್ಬುಗಳ ಸೈಕಲ್ ಅದು. ಪೆಟ್ಟಿಗೆ ಕೂರಿಸಲೆಂದು ಹಿಂದೆ ಅಗಲವಾದ ಕಬ್ಬಿಣದ ಕ್ಯಾರಿಯರ್ ಬೆಸುಗೆ ಹಾಕಿಸಿದ್ದರು. ಮೀನಿನ ಬುಟ್ಟಿಗೆ ಹೇಳಿ ಮಾಡಿಸಿದಂತಿತ್ತು. ಗುಣವತಿಯಕ್ಕ ಹೋಗಿ ಹ್ಯಾಂಡಲಿನ ಮೇಲೆ ಕೈ ಇಟ್ಟರು.

ಅರ್ಧ ಗಳಿಗೆಯಲ್ಲಿ ಕಾರ್ಕಳದ ಬಾಡಿಗೆ ಸೈಕಲ್ ಅಂಗಡಿಯವರೊಬ್ಬರು ಅದೇ ಸೈಕಲ್ಲಿನ ಬಳಿ ಬಂದು ಕ್ಯಾರಿಯರನ್ನು ನೋಡಿ ತಲೆದೂಗಿದರು. ಒಬ್ಬರಿಗೆ ಒಂದೇ ಎಂಬ ಮೇಲೆ ಒಳ್ಳೆಯದನ್ನೇ ಆರಿಸಬೇಕಲ್ಲ.

"ಅಕ್ಕ, ಯಾರಿಗಾಗಿ ಹಿಡಿದುಕೊಂಡದ್ದು? ಮಗನಿಗಾ?"

"ನನಗೆ."

"ನಿಮಗಾ!" ಅವರು ಜೋನ್ ಪೊರ್ಬುಗಳ ಕಡೆ ನೋಡಿ ಕಣ್ಣು ಮಿಟುಕಿಸಿದರು. "ಆಗಲಿ, ಒಂದು ಸುತ್ತು ಬಂದು ತೋರಿಸಿ. ನಾನು ಇಲ್ಲೇ ನೆರಳಲ್ಲಿ ಕೂತಿರುತ್ತೇನೆ."

ಸುಂದರ ಸೀಟಿ ಊದಿದ. ಗುಣವತಿಯಕ್ಕ ಶಾಲೆಯ ಜಗಲಿಯ ಮೆಟ್ಟಿಲಿಗೆ ಕಾಲು ಕೊಟ್ಟು ಹತ್ತಿ ಹೊರಟರು. ನೆಟ್ಟಗೆ ಕೂತು, ಗೆರೆಯ ಮೇಲೆಯೇ, ಬಾಣ ಬಿಟ್ಟ ಹಾಗೆ. ನೋಡಿದವರು "ಅಬ್ಬ!" ಎಂದರು. ಬಾವಿಯ ಬಳಿ ಮೊದಲನೆಯ ಮೂಲೆ ಬಂತು. ಗೆರೆ ಎಡಕ್ಕೆ ತಿರುಗಿತು, ಸೈಕಲ್ ತಿರುಗಲಿಲ್ಲ. ನೇರ ಹೋಗಿ ಬಾವಿಯ ಬದಿಯ ಬಾಳೆಯ ಹಿಂಡಿಗೆ ನುಗ್ಗಿ ನಿಂತಿತು.

ಮೈದಾನವಿಡೀ ನಕ್ಕಿತು. ಬಾಳೆ ಎಲೆಗಳ ನಡುವಿನಿಂದ ಗುಣವತಿಯಕ್ಕನ ಸ್ವರ ಕೇಳಿಸಿತು: "ಕೈ ಬಿಡಲಿಲ್ಲ, ನೋಡಿಕೊಳ್ಳಿ!"

ಎರಡನೆಯ ಸಲ ಬಾಳೆಗೆ ಮೊದಲೇ ಬಿದ್ದರು. ಮೂರನೆಯ ಸಲ ಮೊಣಕೈ ತರಚಿತು. ಪೊಲಿಪುವಿನ ತನಕ ಒಂದೇ ಉಸಿರಿಗೆ ಹೋದವರಿಗೆ ಆಗ ತಿಳಿಯಿತು, ತಾನು ಕಲಿತದ್ದು ನೇರ ಹೋಗುವುದನ್ನು ಮಾತ್ರ ಎಂದು. ಕಡಲತಡಿಯಲ್ಲಿ ತಿರುವು ಎಂಬುದೇ ಇರಲಿಲ್ಲ.

ಸುಂದರನಿಗೆ ಪಾಪವೆನಿಸಿತು. ಹತ್ತಿರ ಬಂದು ಮೆಲ್ಲನೆ, "ಗುಣವತಕ್ಕ, ಮುಂದಿನ ವರ್ಷ ನೋಡುವ. ಅಷ್ಟರಲ್ಲಿ ತಿರುಗಿಸುವುದನ್ನೂ ಕಲಿಯಿರಿ" ಎಂದ.

"ಮುಂದಿನ ವರ್ಷಕ್ಕೆ ಶಿರ್ವದಲ್ಲಿ ನನಗೊಂದು ಮನೆಯೂ ಉಳಿಯುವುದಿಲ್ಲ ಸುಂದರ. ಸಂತೆ ಎಷ್ಟು ಹೊತ್ತಿನ ತನಕ ಉಂಟು?"

"ಸಂಜೆ ಐದರ ತನಕ."

"ಹಾಗಾದರೆ ಐದರ ತನಕ ನನ್ನ ಕೈ ಇಲ್ಲಿಯೇ ಇರುತ್ತದೆ."

ಆ ಹೊತ್ತಿಗೆ ಗುಂಪಿನ ಹಿಂದಿನಿಂದ ಮೊಯಿದಿನಬ್ಬ ಮುಂದೆ ಬಂದರು. ತಮ್ಮ ಹಳೆಯ ಸೈಕಲ್ ಕೊಟ್ಟು ಬೇರೊಂದನ್ನು ಬದಲಾಯಿಸಿಕೊಳ್ಳಲು ಅವರೂ ಸಂತೆಗೆ ಬಂದಿದ್ದರು. ಐವತ್ತರ ಹತ್ತಿರದ, ಬೊಜ್ಜಿನ, ನಗುಮುಖದ ಬ್ಯಾರಿ, ಅಂದರೆ ಕರಾವಳಿಯ ಮುಸಲ್ಮಾನರು. ಗುಣವತಿಯಕ್ಕನ ಮನೆಗಳನ್ನು ಕಿತ್ತುಕೊಂಡ ಮನುಷ್ಯ ಇವರೇ. ಆದರೂ ದಾರಿಯಲ್ಲಿ ಎದುರಾದರೆ ಇಬ್ಬರೂ ನಿಂತು ಆ ದಿನದ ಮೀನಿನ ಮಾತಾಡದೆ ಮುಂದೆ ಹೋದವರಲ್ಲ.

"ಗುಣವತಕ್ಕ, ಬಿಡಿ ಮಾರಾಯ್ರೆ. ನಿಮ್ಮ ಹೆಸರಿನಲ್ಲಿ ನಾನೊಂದು ಸುತ್ತು ಹೊಡೆದು ಬರುತ್ತೇನೆ. ನನ್ನದನ್ನು ಬೇಕಾದರೆ ಮುಂದಿನ ವರ್ಷ ಬದಲಾಯಿಸುತ್ತೇನೆ."

ನೆರಳಲ್ಲಿ ಕೂತಿದ್ದ ಕಾರ್ಕಳದವರು ತಟ್ಟನೆ ಎದ್ದು ನಿಂತರು. "ಅದು ಹೇಗೆ? ಹಾಗಾದರೆ ನಾನೂ ನಾಲ್ಕು ಜನರನ್ನು ಕರೆದುಕೊಂಡು ಬರುತ್ತಿದ್ದೆ!"

"ನೀವು ಏಳುವುದು ಬೇಡ, ಕೂತುಕೊಳ್ಳಿ" ಎಂದರು ಗುಣವತಿಯಕ್ಕ. ಮತ್ತೆ ಮೊಯಿದಿನಬ್ಬರಿಗೆ, "ಇಲ್ಲಿ ನೀನು ತಿರುಗಿಸಿ ಕೊಡುತ್ತಿ, ಸರಿ. ಶಿರ್ವದ ದಾರಿಯ ಮಜೂರಿನ ತಿರುವಿನಲ್ಲಿ ಯಾರು ತಿರುಗಿಸುತ್ತಾರೆ? ಅಲ್ಲಿಗೂ ನೀನೇ ಬರುತ್ತೀಯಾ?" ಎಂದರು.

ಮೊಯಿದಿನಬ್ಬ ಹಿಂದೆ ಸರಿದರು. ಮುಂಡಾಸು ಬಿಚ್ಚಿ ಬೆವರು ಒರೆಸಿಕೊಂಡರು.

ಮಧ್ಯಾಹ್ನವಾಯಿತು. ಮೈದಾನದ ಸೈಕಲ್ಲುಗಳು ಒಂದೊಂದಾಗಿ ಹೊಸ ಯಜಮಾನರೊಂದಿಗೆ ಹೊರಟುಹೋದವು. ಗುಣವತಿಯಕ್ಕ ಒಂದು ಕೈಯನ್ನು ಹ್ಯಾಂಡಲಿನ ಮೇಲೆ ಇಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಚಾ ಕುಡಿದರು. ಜೋನ್ ಪೊರ್ಬುಗಳು ಊಟಕ್ಕೆ ಹೋಗಲಾರದೆ ಚಡಪಡಿಸುತ್ತ, "ಗುಣವತಿ ಬಾಯಿ, ಬೇಗ ಏನಾದರೊಂದು ಮಾಡಿ. ನನ್ನ ಹೆಂಡತಿ ಹಂದಿ ಮಾಂಸ ಬೇಯಿಸಿಟ್ಟು ಕಾಯುತ್ತಿದ್ದಾಳೆ" ಎಂದು ಗೋಗರೆದರು.

"ಹೋಗಿ ಉಂಡು ಬನ್ನಿ. ನಿಮ್ಮ ಸೈಕಲ್ಲನ್ನು ನಾನು ಬಿಟ್ಟರಲ್ಲವೇ ಕಳ್ಳರು ಬರುವುದು?"

ಕಾರ್ಕಳದವರು ಮತ್ತೊಮ್ಮೆ ಬಂದು, ಜೋನ್ ಪೊರ್ಬುಗಳು ಕೇಳಿದ್ದಕ್ಕಿಂತ ಹೆಚ್ಚು ಕೊಡುವುದಾಗಿ ಹೇಳಿದರು. ಜೋನ್ ಪೊರ್ಬುಗಳು ಗುಣವತಿಯಕ್ಕನ ತರಚಿದ ಮೊಣಕೈ ನೋಡಿದರು, ಹ್ಯಾಂಡಲಿನ ಮೇಲಿದ್ದ ಬೆರಳುಗಳನ್ನು ನೋಡಿದರು. "ಕೈ ಅವರದು ಉಂಟಲ್ಲ" ಎಂದು ಹೇಳಿ ಊಟಕ್ಕೆ ನಡೆದರು.

ಬಿಸಿಲು ಸ್ವಲ್ಪ ಇಳಿದ ಮೇಲೆ ಗುಣವತಿಯಕ್ಕ ಮತ್ತೆ ಹೊರಟರು. ಮೊಯಿದಿನಬ್ಬ ಮೊದಲನೆಯ ಮೂಲೆಯಲ್ಲಿ, ಎಡಗಡೆಯ ಬಾವಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಅಷ್ಟು ಹೊತ್ತು ನೋಡಿ ನೋಡಿ ಅವರಿಗೆ ಬೇಸರ ಬಂದಿತ್ತೋ, ತಮಾಷೆಯ ಬುದ್ಧಿ ಕೆರಳಿತ್ತೋ, ಸೈಕಲ್ ಹತ್ತಿರ ಬರುತ್ತಿದ್ದ ಹಾಗೆ ಶಿರ್ವದ ಮನೆಯೊಡತಿಯರ ರಾಗದಲ್ಲಿ ಕೂಗಿದರು:

"ಓ ಗುಣವತಕ್ಕ! ನಿನ್ನೆ ಕೊಟ್ಟ ಬೂತಾಯಿ ನಾರುತ್ತಿತ್ತಲ್ಲ, ಎಂತ ಕತೆ?"

ಮೀನು ಮಾರುವವರಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಗುಣವತಿಯಕ್ಕನಿಗೆ ಮೈಯೆಲ್ಲ ಉರಿಯಿತು. ಸೈಕಲ್, ಸಂತೆ, ಗೆರೆ ಎಲ್ಲವೂ ಮರೆತುಹೋಯಿತು. "ನಾರುವುದು ನಿನ್ನ ಬುಟ್ಟಿ!" ಎಂದು ಅವರ ಕಡೆಗೆ ಮುಖ ತಿರುಗಿಸಿದರು. ಮುಖದೊಂದಿಗೆ ಹೆಗಲು ತಿರುಗಿತು, ಹೆಗಲಿನೊಂದಿಗೆ ಹ್ಯಾಂಡಲು ತಿರುಗಿತು. ಬಾಳೆಯ ಹಿಂಡು ಬಲಗಡೆಗೆ ಸರಿದುಹೋಯಿತು. ಮೂಲೆ ದಾಟಿತ್ತು.

ಧ್ವಜಸ್ತಂಭದ ಬಳಿಯ ಎರಡನೆಯ ಮೂಲೆಯಲ್ಲಿ ಬಿದ್ದರು. ಆದರೆ ಈ ಸಲ ಬಿದ್ದಲ್ಲಿಯೇ ಕೂತು, ಕೈ ಬಿಡದೆ, ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ತನ್ನ ಕತ್ತನ್ನು ತಾನೇ ಮುಟ್ಟಿ ನೋಡಿಕೊಂಡರು. ಇಪ್ಪತ್ತು ವರ್ಷ ಬುಟ್ಟಿಯ ಕೆಳಗೆ ಈ ಕತ್ತು ಆ ಕಡೆ ಈ ಕಡೆ ಹೊರಳಿದ್ದೇ ಇಲ್ಲ. ಹೊರಳಿದರೆ ಮೀನು ನೆಲಕ್ಕೆ. ಯಾರು ಕರೆದರೂ ನಿಂತು, ಕಂಬದ ಹಾಗೆ ಇಡೀ ಮೈ ತಿರುಗಿಸಿಯೇ ಅಭ್ಯಾಸ. ಸೈಕಲ್ಲಿನ ಮೇಲೂ ಹಾಗೆಯೇ ಕೂತಿದ್ದರು. ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಕತ್ತಿಗೆ ಮಾತ್ರ ಅದು ಇನ್ನೂ ಇತ್ತು.

"ಮೊಯಿದಿನಬ್ಬ!" ಎಂದು ಕರೆದರು. "ಬಾ ಇಲ್ಲಿ. ನನ್ನ ಮುಂದೆ ಓಡು. ಪ್ರತಿ ಮೂಲೆಯಲ್ಲಿ ಒಳಬದಿಗೆ ನಿಂತು ನನ್ನ ಮೀನಿಗೆ ಹೆಸರಿಡು."

"ಬೇಡ ಮಾರಾಯ್ರೆ, ಆಮೇಲೆ ನೀವು ನನ್ನನ್ನು ಸುಮ್ಮನೆ ಬಿಡುವವರಲ್ಲ."

"ಬಿಡುವುದಿಲ್ಲ. ಆದರೂ ಹೇಳು. ಚೆನ್ನಾಗಿ ಸಿಟ್ಟು ಬರುವ ಹಾಗೆ ಹೇಳು."

ಆ ಮೇಲೆ ನಡೆದದ್ದನ್ನು ಕಾಪುವಿನವರು ಇಂದಿಗೂ ನಕ್ಕು ನಕ್ಕು ಹೇಳುತ್ತಾರೆ. ಲುಂಗಿ ಮೇಲೆತ್ತಿ ಕಟ್ಟಿದ ಮೊಯಿದಿನಬ್ಬ ಅಡ್ಡದಾರಿಯಲ್ಲಿ ಮೈದಾನದ ನಡುವೆ ಏದುಸಿರು ಬಿಡುತ್ತ ಓಡುವುದು, ಗೆರೆಯ ಮೇಲೆ ಗುಣವತಿಯಕ್ಕನ ಸೈಕಲ್. ಬಾವಿಯ ಮೂಲೆಯಲ್ಲಿ, "ಬಂಗುಡೆಯ ಕಣ್ಣು ಬೆಳ್ಳಗಾಗಿತ್ತು!" "ನಿನ್ನ ಕಣ್ಣು ಬೆಳ್ಳಗಾಗಿರಬೇಕು!" ಸೈಕಲ್ ತಿರುಗಿತು. ಧ್ವಜಸ್ತಂಭದಲ್ಲಿ, "ನಂಗು ಮೀನು ಎಂದು ಹೇಳಿ ಎಂತದೋ ಕಸ ಕೊಟ್ಟಿದ್ದೀರಿ!" "ನಿನ್ನ ಮದುವೆಗೆ ಕೊಟ್ಟದ್ದಾ?" ಸೈಕಲ್ ತಿರುಗಿತು. ಗೇರುಮರದ ಮೂಲೆಗೆ ಬರುವಷ್ಟರಲ್ಲಿ ಮೊಯಿದಿನಬ್ಬರಿಗೆ ಉಸಿರು ಸಾಲದೆ, "ಐಸು... ಐಸು ಹಾಕಿದ ಮೀನು..." ಎಂದಷ್ಟೇ ಹೇಳಲಾಯಿತು. ಅಷ್ಟೇ ಸಾಕಾಯಿತು. ಸೈಕಲ್ ತಿರುಗಿತು.

ನಾಲ್ಕನೆಯ ಮೂಲೆ ಜಗಲಿಯ ಬಳಿ. ಅಲ್ಲಿಗೆ ಮೊಯಿದಿನಬ್ಬ ತಲುಪಲಿಲ್ಲ. ಮೈದಾನದ ನಡುವೆಯೇ ಮೊಳಕಾಲಿಗೆ ಕೈ ಊರಿ ಬಗ್ಗಿ ನಿಂತುಬಿಟ್ಟಿದ್ದರು. ಗುಣವತಿಯಕ್ಕ ಬೈಗುಳಕ್ಕೆ ಕಿವಿಗೊಟ್ಟು ಬಂದರು; ಬೈಗುಳ ಬರಲಿಲ್ಲ. ಎಲ್ಲಿ ಹೋದ ಈ ಬ್ಯಾರಿ ಎಂದು ಅವರು ಎಡಕ್ಕೆ ಹೊರಳಿ ನೋಡಿದರು. ಸೈಕಲ್ ಮೂಲೆಯನ್ನು ಬಳಸಿಕೊಂಡು ಬಂದು ಸುಂದರನ ಮೇಜಿನ ಮುಂದೆ ನಿಂತಿತು.

ಸೀಟಿ ಊದಬೇಕಾಗಿದ್ದ ಸುಂದರ ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದ. "ಕಾಲು ನೆಲ ಮುಟ್ಟಲಿಲ್ಲ" ಎಂದು ಕಾರ್ಕಳದವರೇ ಮೊದಲು ಹೇಳಿದರು. ಹೇಳಿ, ಉಳಿದದ್ದರಲ್ಲಿ ಒಂದು ಸೈಕಲ್ ಆರಿಸಲು ಹೋದರು.

ಗುಣವತಿಯಕ್ಕ ಸೆರಗಿನ ಗಂಟು ಬಿಚ್ಚಿ, ಊಟ ಮುಗಿಸಿ ಬಂದಿದ್ದ ಜೋನ್ ಪೊರ್ಬುಗಳ ಕೈಗೆ ಹಣ ಕೊಟ್ಟರು. ಆಗ ಮಾತ್ರ ಹ್ಯಾಂಡಲಿನಿಂದ ಕೈ ತೆಗೆದದ್ದು. ಬೆರಳುಗಳು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡೆನಲ್ಲ" ಎಂದರು ಮೊಯಿದಿನಬ್ಬ, ನೀರು ಕುಡಿಯುತ್ತ.

"ಹೊಡೆಯಲಿಕ್ಕೆ ಅಲ್ಲಿ ಸಾಕಷ್ಟು ಉಂಟು" ಎಂದರು ಗುಣವತಿಯಕ್ಕ.

ಆ ವರ್ಷದ ಮಳೆಗಾಲದಲ್ಲಿ ಅವರು ಮಳೆ ಬಿಟ್ಟ ಹೊತ್ತಿನಲ್ಲೆಲ್ಲ ಮಜೂರಿನ ತಿರುವಿಗೆ ಹೋಗಿ ಖಾಲಿ ಸೈಕಲ್ ತಿರುಗಿಸಿ, ಬಳಿಕ ಮರಳು ತುಂಬಿದ ಬುಟ್ಟಿ ಕಟ್ಟಿ ತಿರುಗಿಸಿ ಅಭ್ಯಾಸ ಮಾಡಿದರು. ಆಗಸ್ಟಿನಲ್ಲಿ ಮೀನುಗಾರಿಕೆ ಮತ್ತೆ ಶುರುವಾದಾಗ ಒಂದು ಬೆಳಿಗ್ಗೆ ನಮ್ಮ ದಣಪೆಯ ಬಳಿ ಹಾರ್ನ್ ಕೇಳಿಸಿತು. ಮೊಯಿದಿನಬ್ಬರೆಂದು ನನ್ನ ಹೆಂಡತಿ ಪಾತ್ರೆ ಹಿಡಿದು ಹೊರಗೆ ಹೋದಳು. ಅಲ್ಲಿದ್ದವರು ಗುಣವತಿಯಕ್ಕ.

ಎಲ್ಲ ಮನೆಗಳೂ ಅವರಿಗೆ ಮರಳಿ ಸಿಗಲಿಲ್ಲ. "ಹೆಂಗಸು ಸೈಕಲ್ ತುಳಿದುಕೊಂಡು ತಂದ ಮೀನು ನಮಗೆ ಬೇಡ" ಎಂದವರೂ ಇದ್ದರು. ಅಂಥ ಮನೆಗಳ ಮುಂದೆ ಅವರು ಹಾರ್ನನ್ನು ಇನ್ನಷ್ಟು ಜೋರಾಗಿ ಒತ್ತಿ ಮುಂದೆ ಹೋಗುತ್ತಿದ್ದರು. ಮೊಯಿದಿನಬ್ಬರೊಂದಿಗಿನ ಪೈಪೋಟಿಯೂ ನಿಲ್ಲಲಿಲ್ಲ. ಒಂದು ದಿನ ಅವರು ಮೊದಲು, ಒಂದು ದಿನ ಇವರು. ಶಿರ್ವದ ಹೆಂಗಸರಿಗೆ ಮೀನು ಅಗ್ಗವಾಯಿತು.

ನಾಲ್ಕು ವರ್ಷದ ಹಿಂದೆ, ೧೯೮೫ರಲ್ಲಿ, ಮೊಯಿದಿನಬ್ಬರ ಮಗ ಕುಂಞಾಲಿ ದುಬೈಗೆ ಹೋದ. ತಂದೆ ಸೈಕಲ್ ತುಳಿಯುವುದು ಬೇಡವೆಂದು ಹಟ ಹಿಡಿದ. ಸೈಕಲ್ ನಿಲ್ಲಿಸುವ ಮೊದಲು ಮೊಯಿದಿನಬ್ಬ ಒಂದು ವಾರ ಗುಣವತಿಯಕ್ಕನನ್ನು ತಮ್ಮೊಂದಿಗೆ ಕರೆದುಕೊಂಡು ಹೋದರು. ನಂದಿಕೂರಿನ ಕಡೆಯ ತಮ್ಮ ಮನೆಗಳ ಮುಂದೆಲ್ಲ ನಿಂತು, "ಇನ್ನು ಇವರು ಬರುತ್ತಾರೆ, ಮೀನು ಒಳ್ಳೆಯದಿರುತ್ತದೆ" ಎಂದು ಹೇಳಿದರು.

ಈಗ ಗುಣವತಿಯಕ್ಕ ಒಂದು ದಿನ ಶಿರ್ವದ ಕಡೆ, ಒಂದು ದಿನ ನಂದಿಕೂರಿನ ಕಡೆ ಹೋಗುತ್ತಾರೆ. ಕಾಪುವಿನಲ್ಲಿ ಬಲೆ ಎಳೆಯುವುದು ಬಹಳ ಕಡಿಮೆಯಾದ್ದರಿಂದ ಮಲ್ಪೆಯ ಲಾರಿಯನ್ನು ಹೆದ್ದಾರಿಯಲ್ಲಿ ಕಾದು ಮೀನು ಇಳಿಸಿಕೊಳ್ಳಬೇಕು. ಮೊಣಕಾಲು ನೋಯುತ್ತದೆ, ಏರು ಬಂದರೆ ಇಳಿದು ತಳ್ಳುತ್ತಾರೆ. ಮಳೆ ಹಿಡಿದು ಕಡಲಿಗೆ ಬೋಟು ಇಳಿಯದ ಈ ತಿಂಗಳುಗಳಲ್ಲಿ ಒಣಮೀನಿನ ಕಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ಕ್ಯಾರಿಯರಿಗೆ ಬಿಗಿದುಕೊಂಡು ಹೊರಡುತ್ತಾರೆ. ಮೊನ್ನೆ ನಮ್ಮ ಜಗಲಿಯಲ್ಲಿ ಮಳೆಗೆ ನಿಂತಿದ್ದಾಗ, "ನಂದಿಕೂರಿನಿಂದ ಬೆಳ್ಮಣ್ಣಿಗೆ ಎಷ್ಟು ದೂರ ಮಾಷ್ಟ್ರೇ? ಅಲ್ಲಿಗೆ ಮೀನಿನವರು ಯಾರೂ ಹೋಗುವುದಿಲ್ಲವಂತೆ" ಎಂದು ಕೇಳಿದರು. ನಾನು ಉತ್ತರ ಹೇಳುವಷ್ಟರಲ್ಲಿ ಮಳೆ ಸ್ವಲ್ಪ ಕಡಿಮೆಯಾಯಿತು. ಅವರು ತಲೆಗೆ ಪ್ಲಾಸ್ಟಿಕ್ ಹಾಕಿಕೊಂಡು ಸೈಕಲ್ ಹತ್ತಿದರು.